ಹೀಚಿನಲ್ಲೇ ಹಣ್ಣಾಗಿಸುವ ಹಟ

ತೊಪ್ಪೂರಿನ ನಮ್ಮ ಕನ್ನಡ ಮನೆಗಳಲ್ಲಿ ಒಂದು ಬಗೆಯ ಮನರಂಜನೆ ರೂಢಿಯಾಗಿಬಿಟ್ಟಿದೆ. ನೆಂಟರು ಬಂದೊಡನೆ ಐದಾರು ವರ್ಷದ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ, ಸಿನಿಮಾದ ಮಗುವೊಂದು ತಂದೆಗೋ ಗುರುವಿಗೋ ಕೊಟ್ಟ ಎದುರುತ್ತರವನ್ನು ಹೇಳಿಸುವುದು. ಮಗು ಹೇಳುತ್ತದೆ, ಹಿರಿಯರು ನಗುತ್ತಾರೆ. ಅದೇ ಮಾತನ್ನು ಮರುದಿನ ಅಜ್ಜಿಗೆ ಹೇಳಿದಾಗ ಮಾತ್ರ ಏಟು ಬೀಳುತ್ತದೆ. ನೆರೆಯ ತಮಿಳರು ಇಂಥ ಮಗುವನ್ನು ‘ಪಿಂಜಿಲೇ ಪಳುತ್ತದು’, ಹೀಚಿನಲ್ಲೇ ಹಣ್ಣಾದದ್ದು, ಎನ್ನುತ್ತಾರೆ. ಅದು ತಾನಾಗಿ ಹಣ್ಣಾದದ್ದಲ್ಲ, ನಾವೇ ಹೊಗೆ ಹಾಕಿ ಹಣ್ಣಾಗಿಸಿದ್ದು ಎಂಬುದೇ ನಮ್ಮ ಆಕ್ಷೇಪ.

ಚಲನಚಿತ್ರದ ಮೇಲೆ ನಮಗೆ ಹಗೆಯಿಲ್ಲ. ಪಕ್ಕದ ಸೇಲಂನಲ್ಲಿಯೇ ಟಿ. ಆರ್. ಸುಂದರಂ ಅವರ ಮಾಡರ್ನ್ ಥಿಯೇಟರ್ಸ್ 1935ರಲ್ಲಿ ಹುಟ್ಟಿತು. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ (1938) ಅದರದೇ ನಿರ್ಮಾಣ. ಸಿನಿಮಾ ಈ ಸೀಮೆಯ ಕಸುಬು.

ಆದರೆ ತೆರೆಯ ಮೇಲಿನ ಚೂಟಿ ಮಗುವಿನ ಬಾಯಿಂದ ಬರುವುದು ಮಗುವಿನ ಮಾತಲ್ಲ, ಬೆಳೆದ ಸಂಭಾಷಣೆಕಾರನ ಮಾತು. ಮಣಿರತ್ನಂ ಅವರ ‘ಅಂಜಲಿ’ (1990) ನೆನಪಿಸಿಕೊಳ್ಳಿ. ಆ ಚಿತ್ರದ ಹೃದಯವೆಂದರೆ ಮಾತೇ ಸರಿಯಾಗಿ ಬಾರದ ಕಂದಮ್ಮ. ಆ ಪಾತ್ರಕ್ಕಾಗಿ ಬೇಬಿ ಶಾಮಿಲಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ಮಕ್ಕಳು ಅನುಕರಿಸಿದ್ದು ಆಕೆಯನ್ನಲ್ಲ, ಹಿರಿಯರನ್ನು ರೇಗಿಸುವ ಮಕ್ಕಳ ಗುಂಪನ್ನು. ಪುನೀತ್ ರಾಜ್‌ಕುಮಾರ್ ರಾಷ್ಟ್ರಪ್ರಶಸ್ತಿ ಪಡೆದ ‘ಬೆಟ್ಟದ ಹೂವು’ (1985) ಚಿತ್ರದ ರಾಮುವಾದರೋ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕೂಡಿಟ್ಟ ಹಣದಿಂದ ಮನೆಯವರಿಗೆ ಕಂಬಳಿ ತರುತ್ತಾನೆ. ಅವನೂ ವಯಸ್ಸಿಗೆ ಮೀರಿದವನೇ, ಆದರೆ ಮಾತಿನಲ್ಲಲ್ಲ. ಅವನನ್ನು ನಡುಮನೆಯಲ್ಲಿ ನಿಲ್ಲಿಸಿ ಅಭಿನಯಿಸಿ ತೋರಿಸುವುದು ಹೇಗೆ? ಚಪ್ಪಾಳೆಗೆ ಅಲ್ಲಿ ಎಡೆಯಿಲ್ಲ.

ಚಪ್ಪಾಳೆಯೇ ಇಲ್ಲಿನ ಗುಟ್ಟು. 1965ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರು ಗೊಂಬೆಯೊಂದನ್ನು ಹೊಡೆಯುವ ಹಿರಿಯನ ಚಿತ್ರವನ್ನು ಮಕ್ಕಳಿಗೆ ತೋರಿಸಿದರು. ಹೊಡೆದವನಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅವನನ್ನು ಅನುಕರಿಸಿದ್ದು ಕಡಿಮೆ. ಆದರೆ ಮಾಡಿ ತೋರಿಸಿದರೆ ಬಹುಮಾನ ಉಂಟೆಂದಾಗ ಅವರೂ ಉಳಿದವರಷ್ಟೇ ಮಾಡಿ ತೋರಿಸಿದರು. ಕಲಿಕೆ ಎಲ್ಲರಲ್ಲೂ ಆಗಿತ್ತು, ಕಾದದ್ದು ಬಹುಮಾನಕ್ಕೆ. ನಮ್ಮ ನಡುಮನೆಯ ನಗು ಆ ಬಹುಮಾನವಲ್ಲದೆ ಮತ್ತೇನು?

ಪ್ರಹ್ಲಾದ, ನಚಿಕೇತರೂ ಹಿರಿಯರಿಗೆ ಎದುರಾಡಲಿಲ್ಲವೇ ಎಂದು ಕೇಳುವವರುಂಟು. ‘ನನ್ನನ್ನು ಯಾರಿಗೆ ಕೊಡುವೆ’ ಎಂದು ನಚಿಕೇತ ತಂದೆಯನ್ನು ಕೇಳಿದ. ಆ ಪ್ರಶ್ನೆಯ ಬೆಲೆಯಾಗಿ ಯಮನ ಬಾಗಿಲಿಗೆ ಹೋಗಿ ಮೂರು ರಾತ್ರಿ ಉಪವಾಸ ಕಾದ. ಸಿನಿಮಾದ ಎದುರುತ್ತರಕ್ಕೆ ಬೆಲೆ ತೆರುವವನು ಎದುರಿಗಿರುವ ಹಿರಿಯ, ಪೆಚ್ಚಾಗುವವನು ಅವನೇ.

ಗಡಿಯಾಚೆಯ ನಮಗೆ ಇನ್ನೊಂದು ನಷ್ಟವೂ ಇದೆ. ಈ ಚುರುಕು ಮಾತುಗಳೆಲ್ಲ ತಮಿಳು ಚಿತ್ರಗಳವು. ಮಗುವಿನ ಜಾಣತನಕ್ಕೆ ತಮಿಳು, ಊಟ, ನಿದ್ದೆ, ಗದರಿಕೆಗೆ ಕನ್ನಡ ಎಂಬ ಹಂಚಿಕೆ ಮನೆಯೊಳಗೇ ನಡೆದುಹೋಗುತ್ತಿದೆ. ತಮಿಳಿನದೇನೂ ತಪ್ಪಿಲ್ಲ. ಮಗು ಮೆಚ್ಚುಗೆ ಪಡೆಯುವ ಭಾಷೆಯಾಗಿ ಕನ್ನಡವನ್ನು ನಾವೇ ಉಳಿಸಿಲ್ಲ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯನ್ನು ನಾವು ಒತ್ತಾಯಿಸುತ್ತೇವೆ: ಮಕ್ಕಳ ಕಾರ್ಯಕ್ರಮದಿಂದ ಸಿನಿಮಾ ಸಂಭಾಷಣೆಯ ಅನುಕರಣೆಯನ್ನು ಕೈಬಿಡಿ. ಆ ಹೊತ್ತಿನಲ್ಲಿ ಮಗು ಅಜ್ಜಿಯಿಂದ ಕೇಳಿದ ಕಥೆಯನ್ನೋ, ಘಾಟಿಯಲ್ಲಿ ಕಂಡ ಲಾರಿಗಳ ಸಾಲನ್ನೋ ತನಗೆ ಬಂದ ಕನ್ನಡದಲ್ಲಿ ಹೇಳಲಿ. ನಡುವೆ ತಡವರಿಸಿದರೆ, ಮುಂದಿನ ಸಾಲಿನಲ್ಲಿ ಕುಳಿತ ಅಪ್ಪ ಅಮ್ಮಂದಿರು ಮಾತು ಎತ್ತಿಕೊಡದೆ ಕಾಯಲಿ.