ಮಗುವಿಗೆ ಉಣಿಸುವ ಕೆಲಸ ಯಾರದು?



“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆ ನಿಮಗೆಲ್ಲ ಗೊತ್ತು. ಆದರೆ ಒಂದು ವರ್ಷದ ಮಗುವಿಗೆ ಊಟದ ವಿಚಾರ ಏನು ಗೊತ್ತು? ಉಣಿಸುವವರಿಗೆ ಗೊತ್ತಿರಬೇಕು. ಅವ್ವಂದಿರು ಕೂಲಿಗೆ ಹೋದಾಗ ಮಗು ನೋಡಿಕೊಳ್ಳುವವರು ಅಜ್ಜಿ, ಇಲ್ಲದಿದ್ದರೆ ನಮ್ಮಂಥ ಅಕ್ಕ ಅಣ್ಣಂದಿರು. ಆದ್ದರಿಂದ ಇದನ್ನು ದೊಡ್ಡವರಿಗಿಂತ ಮೊದಲು ನೀವೇ ಓದಬೇಕು.

ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿದ್ದರೆ ಅದನ್ನು ಕುಂಠಿತ ಬೆಳವಣಿಗೆ ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ಹೀಗಿದ್ದರು. ಅಂದರೆ ಮೂರರಲ್ಲಿ ಒಂದು ಮಗು! ಆದರೂ ಜನ “ಅವರಪ್ಪನೂ ಕುಳ್ಳ ಕನವ್ವ, ಇವನೂ ಅಂಗೇ” ಅಂತ ಸುಮ್ಮನಾಗುತ್ತಾರೆ. ಅಪ್ಪ ಅವ್ವನ ಎತ್ತರ ಮಗುವಿಗೆ ಬರುವುದು ನಿಜ. ಆದರೆ ಇಷ್ಟೊಂದು ಮಕ್ಕಳು ಬೆಳೆಯದಿರುವುದಕ್ಕೆ ಅದೊಂದೇ ಕಾರಣವಲ್ಲ. ಬಸುರಿಯಲ್ಲಿ ತಾಯಿಗೆ ಊಟ ಸಾಲದಿರುವುದು, ಮಗುವಿಗೆ ಸರಿಯಾದ ಊಟ ಇಲ್ಲದಿರುವುದು, ಪದೇ ಪದೇ ಭೇದಿಯಾಗುವುದು ದೊಡ್ಡ ಕಾರಣಗಳು. ಇಂಥ ಮಕ್ಕಳು ಓದಿನಲ್ಲೂ ಹಿಂದೆ ಬೀಳಬಹುದು.

ಒಂದು ಲೆಕ್ಕ ಮಾಡೋಣ. ಹೊಟ್ಟೆಯಲ್ಲಿ 270 ದಿನ, ಹುಟ್ಟಿದ ಮೇಲೆ ಎರಡು ವರ್ಷಕ್ಕೆ 730 ದಿನ. ಒಟ್ಟು 1000 ದಿನ. ಆಗ ತಪ್ಪಿದ ಬೆಳವಣಿಗೆಯನ್ನು ಆಮೇಲೆ ತುಂಬಿಸುವುದು ಬಹಳ ಕಷ್ಟ. ಬಿತ್ತಿದಾಗ ಬಾರದ ಮಳೆ ಕೊಯ್ಲಲ್ಲಿ ಸುರಿದರೆ ರಾಗಿ ಆಗುತ್ತಾ?

ಆರು ತಿಂಗಳವರೆಗೆ ತಾಯಿ ಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಹಾಲಿನ ಜೊತೆ ಊಟವೂ ಬೇಕು. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ಮಗು ಅತ್ತರೆ ಟೀಗೆ ಬಿಸ್ಕತ್ತು ಅದ್ದಿ ಕೊಡುತ್ತಾರೆ, ಇಲ್ಲವೇ ಅಂಗಡಿಯಿಂದ ಐದು ರೂಪಾಯಿ ಪ್ಯಾಕೆಟ್ಟು ತರುತ್ತಾರೆ. ಅಳು ನಿಲ್ಲುತ್ತೆ, ಆದರೆ ಊಟ ಸೇರಲ್ಲ. ಟೀ ಕುಡಿದರೆ ಊಟದ ಕಬ್ಬಿಣದ ಅಂಶವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಬಹಳ ಕಡಿಮೆ. ರಾಗಿ ಜೊತೆ ಹಿಸುಕಿದ ಬೇಳೆ, ಸೊಪ್ಪು, ಮೊಟ್ಟೆ, ಬಾಳೆಹಣ್ಣು ಕೊಡಬೇಕು. ಮೊಟ್ಟೆಗೆ ದುಡ್ಡೆಲ್ಲಿ ಅಂತ ಕೇಳಬಹುದು. ಕೂಲಿ ಇಲ್ಲದ ದಿನ ಅದೂ ನಿಜವೇ. ಆದರೆ ಎರಡು ಪ್ಯಾಕೆಟ್ಟಿನ ದುಡ್ಡಿಗೆ ಒಂದು ಮೊಟ್ಟೆ ಬರುತ್ತೆ.

ಅಂಗನವಾಡಿ ಯೋಜನೆ 1975ರಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಪಕ್ಕದ ಟಿ.ನರಸೀಪುರಕ್ಕೆ. ಈಗ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೇ ಆಹಾರ ಕೊಡುತ್ತಾರೆ. ಅದು ಮಗುವಿನ ಪಾಲು. ಮನೆಯವರೆಲ್ಲ ಹಂಚಿಕೊಂಡು ತಿಂದರೆ ಮಗುವಿಗೆ ಉಳಿಯುವುದೇನು?

ಉಣಿಸುವ ರೀತಿಯೂ ಮುಖ್ಯ. ಸೋಪಿನಲ್ಲಿ ಕೈ ತೊಳೆಯಬೇಕು. ಮಗುವಿಗೆ ಬೇರೆ ತಟ್ಟೆ ಇಟ್ಟರೆ ಎಷ್ಟು ತಿಂತು ಅಂತ ಗೊತ್ತಾಗುತ್ತೆ. ಗದರಬಾರದು, ಮೊಬೈಲ್ ಕೊಟ್ಟು ತುರುಕಬಾರದು. ಮಾತಾಡಿಸುತ್ತಾ, ಕಾಗೆ ಗುಬ್ಬಿ ತೋರಿಸುತ್ತಾ ನಿಧಾನವಾಗಿ ಉಣಿಸಬೇಕು. ಭೇದಿಯಾದಾಗಲೂ ಊಟ ನಿಲ್ಲಿಸಬಾರದು.

ಇದೆಲ್ಲ ಹೆಂಗಸರ ಕೆಲಸ ಅಂತ ಅಪ್ಪಂದಿರು ಜಗಲಿಯಲ್ಲಿ ಕೂರಬಾರದು. ಮಗು ನೋಡಿಕೊಳ್ಳಲು ಅಕ್ಕನ ಶಾಲೆ ಬಿಡಿಸುವುದಂತೂ ಬೇಡವೇ ಬೇಡ. ನಾವು ಶಾಲೆ ಬಿಟ್ಟ ಮೇಲೆ ಉಣಿಸುತ್ತೇವೆ, ಶಾಲೆ ಬಿಟ್ಟುಬಿಟ್ಟು ಅಲ್ಲ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಸರ್ಕಾರ 2023ರಲ್ಲಿ “ಕೂಸಿನ ಮನೆ” ಎಂಬ ಯೋಜನೆ ತಂದಿತು. ಅಂಥ ಮನೆ ಪ್ರತಿ ಊರಿಗೂ ಬೇಕು ಎಂಬುದು ನನ್ನ ಅಭಿಪ್ರಾಯ. ನೀವೇನಂತೀರಿ?

ಇಂತಿ,
7ನೇ ತರಗತಿ ವಿದ್ಯಾರ್ಥಿನಿ, ಉಡಿಗಾಲ