ಕಟ್ಟಿದರೆ ಸಾಲದು, ಕಾಯಬೇಕು



ಹೊಸ ಆರ್ಥಿಕ ವರ್ಷ ಸಮೀಪಿಸುತ್ತಿದ್ದಂತೆ ನಮ್ಮ ರಾಜ್ಯದ ನಗರಸಭೆ, ಪುರಸಭೆಗಳು ಆಯವ್ಯಯ ಪೂರ್ವಭಾವಿ ಸಭೆಗಳನ್ನು ಕರೆಯುವುದು ವಾಡಿಕೆ. ಮುಂದಿನ ವರ್ಷ ಕೈಗೊಳ್ಳಬೇಕಾದ ಕಾಮಗಾರಿಗಳು ಯಾವುವು, ಯಾವುದಕ್ಕೆ ಎಷ್ಟು ಹಣ, ಯಾವುದು ಮೊದಲು, ಯಾವುದು ಅನಂತರ ಎಂಬ ವಿಷಯದಲ್ಲಿ ಸಾರ್ವಜನಿಕರ ಸಲಹೆ ಪಡೆಯುವುದೇ ಈ ಸಭೆಗಳ ಉದ್ದೇಶ. ಸಭೆಯ ಪ್ರಕಟಣೆ ಪತ್ರಿಕೆಯ ಒಂದು ಮೂಲೆಯಲ್ಲಿ ಅಚ್ಚಾಗುತ್ತದೆ. ಬಹುಪಾಲು ಜನ ಅದನ್ನು ಓದುವುದಿಲ್ಲ, ಓದಿದವರೂ ಹೋಗುವುದಿಲ್ಲ. ಆಮೇಲೆ ವರ್ಷವಿಡೀ ರಸ್ತೆಯ ಗುಂಡಿಯನ್ನೂ ತುಂಬಿ ಹರಿಯುವ ಚರಂಡಿಯನ್ನೂ ಕಂಡು ಗೊಣಗುತ್ತೇವೆ. ಗಂಗಾವತಿಯ ಕಥೋಲಿಕ ಕುಟುಂಬಗಳು ಈ ಗೊಣಗಾಟವನ್ನು ಬಿಟ್ಟು, ನಗರದ ಹಣ ಯಾವ ಕ್ರಮದಲ್ಲಿ ಖರ್ಚಾಗಬೇಕು ಎಂಬುದನ್ನು ವಿವೇಕದಿಂದ ಚಿಂತಿಸಬೇಕೆಂಬುದು ಈ ವಾರದ ನನ್ನ ವಿನಂತಿ.

2011ರ ಜನಗಣತಿಯಲ್ಲಿಯೇ ಗಂಗಾವತಿ ನಗರದ ಜನಸಂಖ್ಯೆ ಒಂದು ಲಕ್ಷವನ್ನು ದಾಟಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ ಇವುಗಳ ಆಧಾರದ ಮೇಲೆ ಬೆಳೆದ ಈ ಊರು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಅತಿ ದೊಡ್ಡ ನಗರವಾಗಿದೆ. ಜನ ಹೆಚ್ಚಿದಂತೆ ಬೇಡಿಕೆಗಳೂ ಹೆಚ್ಚುತ್ತವೆ. ಒಂದು ಬಡಾವಣೆಯವರಿಗೆ ಕುಡಿಯುವ ನೀರು ಬೇಕು, ಇನ್ನೊಂದು ಬಡಾವಣೆಯವರಿಗೆ ಕಾಂಕ್ರೀಟ್ ರಸ್ತೆ ಬೇಕು. ವರ್ತಕರಿಗೆ ಮಾರುಕಟ್ಟೆ ಮಳಿಗೆ ಬೇಕು, ಯುವಕರಿಗೆ ಕ್ರೀಡಾಂಗಣ ಬೇಕು, ಮುಖಂಡರಿಗೆ ಸ್ವಾಗತ ಕಮಾನು ಬೇಕು. ಬೇಡಿಕೆ ಅನಂತ, ಹಣ ಮಾತ್ರ ಪರಿಮಿತ. ಆದ್ದರಿಂದ ಆಯವ್ಯಯವೆಂಬುದು ಕೇವಲ ಅಂಕಿಗಳ ಪಟ್ಟಿಯಲ್ಲ. ಒಂದು ಊರು ಯಾವುದನ್ನು ಮುಖ್ಯವೆಂದು ಬಗೆಯುತ್ತದೆ, ಯಾರನ್ನು ಮರೆಯುತ್ತದೆ ಎಂಬುದರ ಲಿಖಿತ ಸಾಕ್ಷ್ಯ ಅದು.

ಪರಿಮಿತ ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ನಗರಸಭೆಗೆ ಬರುವ ಹಣವನ್ನೆಲ್ಲ ಮನಬಂದಂತೆ ಬಳಸಲು ಬರುವುದಿಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ನಮ್ಮಂತಹ ನಗರಗಳಿಗೆ ನೀಡಿದ ಅನುದಾನದಲ್ಲಿ ಶೇ. 60ರಷ್ಟು ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ವಿನಿಯೋಗಿಸಬೇಕೆಂದು ಷರತ್ತು ವಿಧಿಸಿತ್ತು. ರಾಜ್ಯದ ನಿಯಮದಂತೆ ಶೇ. 24.10ರಷ್ಟು ಹಣ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಏಳಿಗೆಗೆ, ಶೇ. 7.25ರಷ್ಟು ಇತರ ಬಡವರಿಗೆ, ಶೇ. 5ರಷ್ಟು ಅಂಗವಿಕಲರಿಗೆ ಮೀಸಲು. ಈ ಷರತ್ತುಗಳನ್ನು ಕೆಲವರು ಅಡ್ಡಿಯೆಂದು ಭಾವಿಸುವುದುಂಟು. ನನ್ನ ದೃಷ್ಟಿಯಲ್ಲಿ ಅವು ಅಡ್ಡಿಯಲ್ಲ. ದನಿಯಿಲ್ಲದವರ ಪರವಾಗಿ ಕಾನೂನೇ ಎತ್ತಿದ ದನಿ. ಆ ಹಣ ಪೂರ್ತಿಯಾಗಿ ಖರ್ಚಾಯಿತೇ, ಯಾರಿಗೆ ಮೀಸಲೋ ಅವರಿಗೇ ತಲಪಿತೇ ಎಂದು ಕೇಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕು.

ಆದ್ಯತೆಯ ಪ್ರಶ್ನೆಗೂ ಕಾನೂನಿನಲ್ಲಿಯೇ ಒಂದು ಉತ್ತರವಿದೆ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಸ್ಥಳೀಯ ಸಂಸ್ಥೆಯ ಕರ್ತವ್ಯಗಳನ್ನು ಎರಡಾಗಿ ವಿಂಗಡಿಸಿದೆ. ನೀರು ಪೂರೈಕೆ, ಚರಂಡಿ, ಬೀದಿಗಳ ಶುಚಿತ್ವ, ಬೀದಿದೀಪ, ಶವಸಂಸ್ಕಾರದ ಸ್ಥಳ ಮುಂತಾದವು ಕಡ್ಡಾಯ ಕರ್ತವ್ಯಗಳು. ಉದ್ಯಾನ, ಗ್ರಂಥಾಲಯ, ಸಭಾಭವನ ಮುಂತಾದವು ವಿವೇಚನೆಗೆ ಬಿಟ್ಟ ಕರ್ತವ್ಯಗಳು. ಗ್ರೀಕ್ ದಾರ್ಶನಿಕ ಅರಿಸ್ಟಾಟಲನೂ ತನ್ನ ರಾಜನೀತಿ ಗ್ರಂಥದಲ್ಲಿ ಇಂತಹುದೇ ಕ್ರಮವನ್ನು ಸೂಚಿಸುತ್ತಾನೆ. ಮನುಷ್ಯರು ಮೊದಲು ಬದುಕುವ ಅಗತ್ಯಕ್ಕಾಗಿ ಒಂದುಗೂಡಿದರು. ಹಾಗೆ ಹುಟ್ಟಿದ ನಗರವು ಮುಂದೆ ಉತ್ತಮ ಬದುಕನ್ನು ಗುರಿಯಾಗಿಸಿಕೊಂಡಿತು ಎಂಬುದು ಅವನ ವಿಚಾರ. ಎರಡನೆಯದು ಮೇಲಿನದು, ಸಂದೇಹವಿಲ್ಲ. ಆದರೆ ಮೊದಲನೆಯದನ್ನು ಬಿಟ್ಟು ಅದು ನಿಲ್ಲಲಾರದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ನಮ್ಮ ಹಿರಿಯರು ಇದನ್ನೇ ಹಾಸ್ಯವಾಗಿ ಹೇಳಿದರು. ನಲ್ಲಿಯಲ್ಲಿ ನೀರು ಬಾರದ ಊರಿಗೆ ಕಾರಂಜಿಯ ವೃತ್ತ ಶೋಭಿಸುವುದಿಲ್ಲ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಸೌಂದರ್ಯವೂ ಮನುಷ್ಯನ ಅಗತ್ಯವಲ್ಲವೇ? ಮನೆಯಂಗಳವಿಲ್ಲದ ಬಡವರ ಮಕ್ಕಳಿಗೆ ಉದ್ಯಾನವನ ಬೇಡವೇ? ಖಂಡಿತವಾಗಿಯೂ ಬೇಕು. ಅಂಜನಾದ್ರಿಯ ಉದಾಹರಣೆಯನ್ನೇ ನೋಡೋಣ. ಆನೆಗೊಂದಿ ಸಮೀಪದ ಆ ಬೆಟ್ಟದ ಅಭಿವೃದ್ಧಿಗೆ 2022-23ರ ರಾಜ್ಯ ಆಯವ್ಯಯದಲ್ಲಿ 100 ಕೋಟಿ ರೂಪಾಯಿ ಘೋಷಿಸಲಾಯಿತು. ದೂರದಿಂದ ಬರುವ ಯಾತ್ರಿಕರಿಂದ ಇಲ್ಲಿನ ಅಂಗಡಿಯವರಿಗೆ, ಆಟೋ ಚಾಲಕರಿಗೆ, ಬಾಳೆಹಣ್ಣು ಮಾರುವ ತಾಯಂದಿರಿಗೆ ಜೀವನೋಪಾಯ ದೊರೆಯುತ್ತದೆ, ಅದು ಸ್ವಾಗತಾರ್ಹ. ಆದರೆ ನೂರಾರು ಮೆಟ್ಟಿಲು ಹತ್ತಿ ಇಳಿದ ಯಾತ್ರಿಕನಿಗೆ ಮೊದಲು ಬೇಕಾಗುವುದು ಕುಡಿಯಲು ಶುದ್ಧ ನೀರು, ಸ್ವಚ್ಛವಾದ ಶೌಚಾಲಯ, ಕೂರಲು ನೆರಳು. ಅಂದರೆ ಸೌಂದರ್ಯದ ಯೋಜನೆಯೂ ಕೊನೆಗೆ ಬಂದು ನಿಲ್ಲುವುದು ನೀರು ಮತ್ತು ನೈರ್ಮಲ್ಯದ ಮೇಲೆಯೇ.

ಆದ್ಯತೆಯ ಜೊತೆಗೆ ಇನ್ನೊಂದು ಗುರುತರವಾದ ವಿಷಯವಿದೆ. ಅದು ಕಟ್ಟಿದ್ದನ್ನು ಕಾಯುವ ವಿಷಯ. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯುಂಟು, ಉದ್ಘಾಟನೆಯುಂಟು, ಹೆಸರು ಕೆತ್ತಿದ ಕಲ್ಲುಂಟು. ಹಳೆಯ ಪೈಪಿನ ದುರಸ್ತಿಗೆ ಹಾರ ತುರಾಯಿ ಇಲ್ಲ. ಹೀಗಾಗಿ ಬಂಡವಾಳ ವೆಚ್ಚಕ್ಕೆ ಎಲ್ಲರೂ ಮುಂದಾಗುತ್ತಾರೆ, ನಿರ್ವಹಣೆಯ ವೆಚ್ಚವನ್ನು ಕೇಳುವವರಿಲ್ಲ. ಇದರ ಪರಿಣಾಮವೇನೆಂಬುದನ್ನು ನಮ್ಮ ಭಾಗದ ಜನರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 1953ರಿಂದ ನೀರು ನಿಲ್ಲಿಸಿಕೊಂಡು ಬಂದ ಅಣೆಕಟ್ಟು ಅದು. ಕಲ್ಲಿನ ಗೋಡೆ ಗಟ್ಟಿಯಾಗಿತ್ತು, ಸೋತದ್ದು ಸರಪಳಿ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹರಿದು ಹೋಗುತ್ತಿದ್ದ ನೀರನ್ನು ನೋಡುತ್ತ ಗಂಗಾವತಿ, ಕಾರಟಗಿ, ಸಿಂಧನೂರಿನ ರೈತರು ನಿದ್ದೆಗೆಟ್ಟರು. ತಂತ್ರಜ್ಞರೂ ಕಾರ್ಮಿಕರೂ ಜೀವದ ಹಂಗು ತೊರೆದು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿದರು. ಮಳೆ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಎಲ್ಲ 33 ಗೇಟುಗಳನ್ನೂ ಬದಲಾಯಿಸುವ ಸಲುವಾಗಿ 2025-26ರಲ್ಲಿ ಎರಡನೆಯ ಬೆಳೆಗೆ ನೀರು ಬಿಡದಿರಲು ತೀರ್ಮಾನಿಸಲಾಯಿತು. ಒಂದು ಬೆಳೆ ಹೋಯಿತೆಂದರೆ ರೈತನ ಜೊತೆಗೆ ನಾಟಿ ಮಾಡುವ ಕೂಲಿಯ ಹೆಣ್ಣುಮಗಳು, ಗಿರಣಿಯ ಹಮಾಲ, ಗೊಬ್ಬರದ ಅಂಗಡಿಯವ, ಲಾರಿಯ ಚಾಲಕ ಎಲ್ಲರ ಮನೆಯ ಒಲೆಯೂ ತಣ್ಣಗಾಗುತ್ತದೆ. ಅದೇ ಜಲಾಶಯದಲ್ಲಿ ಹೂಳು ತುಂಬಿದ್ದರಿಂದ, ಮೂಲತಃ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿದಿದೆ ಎಂಬುದೂ ಕಾಯುವಿಕೆಯ ಪಾಠವೇ.

ಇದಕ್ಕೆ ಪ್ರತಿಯಾದ ನಿದರ್ಶನವೂ ನಮ್ಮ ಕಣ್ಣಮುಂದಿದೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಕಟ್ಟಿದ ಒಡ್ಡುಗಳೂ ಕಾಲುವೆಗಳೂ ಆನೆಗೊಂದಿಯ ಸುತ್ತಮುತ್ತಲ ಭತ್ತಕ್ಕೆ, ಬಾಳೆಗೆ ಇಂದಿಗೂ ನೀರುಣಿಸುತ್ತಿವೆ. ಅದೇ ಕಾಲದ ಅನೇಕ ಅರಮನೆಗಳು ಬರಿಯ ತಳಪಾಯಗಳಾಗಿ ಉಳಿದಿವೆ. ಕಾಲುವೆಗಳು ಉಳಿದದ್ದು ಕಲ್ಲಿನ ಬಲದಿಂದ ಮಾತ್ರವಲ್ಲ. ಹೂಳು ತೆಗೆದು, ಏರಿ ಕಟ್ಟಿ, ತೂಬು ಸರಿಪಡಿಸಿದ ತಲೆಮಾರುಗಳ ಕೈಗಳಿಂದ. ಆ ಕೈಗಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ನಗರದ ಒಳಚರಂಡಿಯ ವಿಷಯಕ್ಕೂ ಇದನ್ನು ಅನ್ವಯಿಸಬಹುದು. ಲಕ್ಷಕ್ಕೂ ಮೀರಿದ ಜನಸಂಖ್ಯೆಯ ನಗರಗಳಿಗಾಗಿ 2015ರಲ್ಲಿ ಆರಂಭವಾದ ಕೇಂದ್ರದ ಅಮೃತ್ ಯೋಜನೆಯಲ್ಲಿ ಗಂಗಾವತಿಯೂ ಸೇರಿತ್ತು. ನೀರು ಮತ್ತು ಒಳಚರಂಡಿ ಅದರ ಮುಖ್ಯ ಗುರಿ. ಆದರೆ ಪೈಪು ಹೂಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮನೆಮನೆಯ ಸಂಪರ್ಕ, ಕೊಳಚೆ ನೀರಿನ ಶುದ್ಧೀಕರಣ, ಕಟ್ಟಿಕೊಂಡ ಕೊಳವೆಯನ್ನು ಬಿಡಿಸುವ ಯಂತ್ರ ಇವೆಲ್ಲವೂ ಬೇಕು. ಯಂತ್ರವಿಲ್ಲದ ಕಡೆ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವ ಪಾಪ ನಡೆಯುತ್ತದೆ. 2013ರ ಕಾಯ್ದೆ ಇದನ್ನು ನಿಷೇಧಿಸಿದೆ. 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಸಾವಿಗೆ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿದೆ. ಆದರೆ ಸತ್ತ ಮೇಲೆ ಕೊಡುವ ಪರಿಹಾರಕ್ಕಿಂತ ಸಾಯದಂತೆ ಕಾಯುವ ಯಂತ್ರವೇ ಧರ್ಮಸಮ್ಮತವಾದ ಖರ್ಚು. ಆಯವ್ಯಯದಲ್ಲಿ ಇಂತಹ ಯಂತ್ರಕ್ಕೆ ಹಣವಿಟ್ಟಿದ್ದಾರೆಯೇ ಎಂದು ಸಭೆಯಲ್ಲಿ ಎದ್ದು ಕೇಳುವವರು ಬೇಕು.

ಆರಂಭಿಸಿದ್ದನ್ನು ಮುಗಿಸುವುದೂ ಆದ್ಯತೆಯ ಒಂದು ಅಂಗ. ಮುನಿರಾಬಾದ್-ಮೆಹಬೂಬ್‌ನಗರ ರೈಲು ಮಾರ್ಗ 1997-98ರಲ್ಲಿ ಮಂಜೂರಾಯಿತು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಮಂಜೂರಾತಿಯ ವರ್ಷ ಹುಟ್ಟಿದ ಮಗು ರೈಲು ಬರುವ ಹೊತ್ತಿಗೆ ಪದವಿ ಪಡೆಯುವ ವಯಸ್ಸಿಗೆ ಬಂದಿತ್ತು. ಹತ್ತು ಕಾಮಗಾರಿಗಳಿಗೆ ಚೂರುಚೂರು ಹಣ ಹಂಚಿದರೆ ಹತ್ತೂ ಅರ್ಧಕ್ಕೆ ನಿಲ್ಲುತ್ತವೆ. ಮೂರನ್ನು ಆಯ್ದು ಮುಗಿಸಿದರೆ ಮೂರರ ಫಲವಾದರೂ ಜನರಿಗೆ ದಕ್ಕುತ್ತದೆ.

ಆದ್ದರಿಂದ ಯಾವುದೇ ಹೊಸ ಯೋಜನೆಯನ್ನು ಕುರಿತು ನಾವು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಇದು ಕಡ್ಡಾಯ ಕರ್ತವ್ಯಕ್ಕೆ ಸೇರಿದ್ದೇ, ಅಥವಾ ಅದು ಈಡೇರಿದ ಮೇಲಿನ ಮಾತೇ? ಇದರಿಂದ ಮೊದಲು ಉಪಕಾರವಾಗುವುದು ಯಾರಿಗೆ? ಕಟ್ಟಿದ ಮೇಲೆ ವಿದ್ಯುತ್ತಿಗೆ, ದುರಸ್ತಿಗೆ, ನೌಕರರಿಗೆ ಪ್ರತಿವರ್ಷ ತಗಲುವ ಹಣ ಎಲ್ಲಿಂದ ಬರುತ್ತದೆ? ಹಿಂದೆ ಆರಂಭಿಸಿದ ಕೆಲಸ ಮುಗಿದಿದೆಯೇ? ಚುನಾಯಿತ ಸದಸ್ಯರಿರಲಿ, ಆಡಳಿತಾಧಿಕಾರಿಗಳಿರಲಿ, ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರೇ. ಇದರಲ್ಲಿ ವಿರೋಧವಾಗಲಿ ಅವಿನಯವಾಗಲಿ ಇಲ್ಲ.

ಈ ವಿಚಾರ ಧರ್ಮಸಭೆಗೆ ಹೊಸದೇನಲ್ಲ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕಬೇಕೆಂಬ ಪ್ರಭುವಿನ ಸಾಮತಿ ಲೂಕನ ಶುಭಸಂದೇಶದಲ್ಲಿದೆ. ಅದು ಶಿಷ್ಯತ್ವದ ಬೆಲೆಯನ್ನು ಕುರಿತದ್ದಾದರೂ ಲೋಕವ್ಯವಹಾರಕ್ಕೂ ಸಲ್ಲುವಂತಹುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯು ಪ್ರತಿಯೊಂದು ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಬೇಕೆಂದೂ, ವಶಕ್ಕೆ ಬಂದ ಆಸ್ತಿ ಹಾಳಾಗದಂತೆ ನೋಡಿಕೊಳ್ಳುವುದು ನಿರ್ವಾಹಕರ ಕರ್ತವ್ಯವೆಂದೂ, ಭಕ್ತರು ನೀಡಿದ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದೂ ವಿಧಿಸುತ್ತದೆ. ದೇವಾಲಯದ ಸೋರುವ ಹೆಂಚನ್ನು ಸರಿಪಡಿಸದೆ ಹೊಸ ಗಂಟೆಗೋಪುರಕ್ಕೆ ಚಂದಾ ಎತ್ತಿದರೆ ನೀವು ನಮ್ಮನ್ನು ಪ್ರಶ್ನಿಸುತ್ತೀರಿ, ಅದು ಸರಿಯೇ. ಅದೇ ಪ್ರಶ್ನೆಯನ್ನು ನಗರದ ವಿಷಯದಲ್ಲಿ ಏಕೆ ಕೇಳಬಾರದು? ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕೆಂದು ದಿವಂಗತ ಪೋಪ್ ಫ್ರಾನ್ಸಿಸರು 2015ರ ತಮ್ಮ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಜಗತ್ತಿಗೆ ನೆನಪಿಸಿದ್ದರು.

ಇಲ್ಲಿ ನಮ್ಮವರಿಗೆ ಒಂದು ಕಿವಿಮಾತು. ಅಲ್ಪಸಂಖ್ಯಾತರಾದ ನಾವು ನಗರಸಭೆಯ ಬಾಗಿಲು ತಟ್ಟುವುದು ಸಾಮಾನ್ಯವಾಗಿ ನಮ್ಮ ಸ್ಮಶಾನದ ಜಾಗಕ್ಕೆ, ನಮ್ಮ ದೇವಾಲಯದ ಮುಂದಿನ ರಸ್ತೆಗೆ, ನಮ್ಮ ಶಾಲೆಯ ಕಾಂಪೌಂಡಿಗೆ. ಅವು ನ್ಯಾಯವಾದ ಬೇಡಿಕೆಗಳೇ. ಶವಸಂಸ್ಕಾರದ ಸ್ಥಳ ಒದಗಿಸುವುದು ನಗರಸಭೆಯ ಕಡ್ಡಾಯ ಕರ್ತವ್ಯ, ಅದು ದಯೆಯ ದಾನವಲ್ಲ. ಆದರೆ ಅಷ್ಟಕ್ಕೇ ನಮ್ಮ ನಾಗರಿಕತ್ವ ನಿಂತುಹೋದರೆ ನಾವು ಈ ಊರಿನಲ್ಲಿ ಅರ್ಜಿದಾರರಾಗಿ ಉಳಿಯುತ್ತೇವೆಯೇ ಹೊರತು ಪಾಲುದಾರರಾಗುವುದಿಲ್ಲ. ನಮ್ಮ ಮನೆಯವರು ಒಬ್ಬರೂ ವಾಸಿಸದ ಕೊಳಗೇರಿಯ ನಲ್ಲಿಗಾಗಿ ನಾವು ಎದ್ದು ಮಾತನಾಡಿದ ದಿನ ಸರ್ವಹಿತವೆಂಬ ಮಾತಿಗೆ ಅರ್ಥ ಬರುತ್ತದೆ.

ಹಕ್ಕಿನ ಜೊತೆಗೆ ಹೊಣೆಯೂ ಇದೆ. ದೊಡ್ಡ ಕಾಮಗಾರಿಗೆ ಸರ್ಕಾರದ ಅನುದಾನ ಬಂದೀತು. ಅದನ್ನು ಕಾಯುವ ಹಣ ಬಹುಮಟ್ಟಿಗೆ ನಮ್ಮ ಆಸ್ತಿ ತೆರಿಗೆಯಿಂದ, ನೀರಿನ ಕರದಿಂದ ಬರಬೇಕು. ಏಪ್ರಿಲ್ ತಿಂಗಳಲ್ಲಿಯೇ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ. 5ರ ರಿಯಾಯಿತಿ ನೀಡುವ ಪದ್ಧತಿಯೂ ಇದೆ. ಕರ ಕಟ್ಟದವನು ಚರಂಡಿಯ ಬಗ್ಗೆ ದೂರುವುದು ಕಾಣಿಕೆ ಹಾಕದವನು ಗುಡಿಯ ದೀಪ ಮಂಕಾಯಿತೆಂದು ದೂರಿದಂತೆ.

ಮುಂದಿನ ಆಯವ್ಯಯ ಸಭೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. ಪ್ರತಿ ಬಡಾವಣೆಯಿಂದ ಇಬ್ಬರಾದರೂ ನೆರೆಯ ಹಿಂದೂ, ಮುಸ್ಲಿಂ ಬಾಂಧವರನ್ನು ಕರೆದುಕೊಂಡು ಹೋಗಿ. ನಿಮ್ಮ ಬೀದಿಯ ಹಳೆಯ ಪೈಪು, ಅರ್ಧಕ್ಕೆ ನಿಂತ ಚರಂಡಿ, ಉರಿಯದ ದೀಪ ಇವುಗಳ ಪಟ್ಟಿಯನ್ನು ಬರೆದು ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಹೊಸದನ್ನು ಬೇಡುವ ಮುನ್ನ ಇದ್ದುದನ್ನು ಉಳಿಸಿರೆಂದು ಕೇಳಿರಿ. ಸಣ್ಣದೊಂದು ಸರಪಳಿ ಸವೆದಾಗಲೇ ಬದಲಾಯಿಸಿದ್ದರೆ ಎಷ್ಟು ಮನೆಗಳ ಅನ್ನ ಉಳಿಯುತ್ತದೆಂಬುದು ತುಂಗಭದ್ರೆಯ ತೀರದ ನಮಗೆ ತಿಳಿಯದ ಮಾತೇನೂ ಅಲ್ಲ.