ಪ್ರಾರ್ಥನಾ ಸಭೆಯ ಶಿಸ್ತು

ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಮಕ್ಕಳಿಗೆ ಗೌರವಭಾವವೇ ಇಲ್ಲವೆಂಬ ದೂರನ್ನು ಆಗಾಗ ಕೇಳುತ್ತೇನೆ. ಒಂದು ಕಾಲದಲ್ಲಿ ನಾನೂ ಹಾಗೆಯೇ ದೂರುತ್ತಿದ್ದೆ.

ಕೊಡಗಿನ ಮಳೆಗಾಲದಲ್ಲಿ ನಮ್ಮ ಸಭೆ ನಡೆಯುತ್ತಿದ್ದುದು ಶಾಲೆಯ ಜಗಲಿಯಲ್ಲಿ. ಕಾಫಿ ತೋಟದ ಲೈನ್ ಮನೆಯಿಂದ ನೆನೆದು ಬಂದ ಹುಡುಗನೊಬ್ಬ ರಾಷ್ಟ್ರಗೀತೆಯ ವೇಳೆ ತುಟಿ ಬಿಚ್ಚದೆ ನಿಂತಿದ್ದ. ಅಗೌರವವೆಂದು ಬಗೆದು ಎಲ್ಲರೆದುರು ಗದರಿಸಿದೆ. ಹೊಸದಾಗಿ ಶಾಲೆಗೆ ಸೇರಿದ್ದ ಅವನಿಗೆ ಗೀತೆಯ ಪದಗಳೇ ತಿಳಿದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ನೆರೆಯ ಕೇರಳದಲ್ಲಿ 1985ರಲ್ಲಿ, ಧಾರ್ಮಿಕ ನಂಬಿಕೆಯ ಕಾರಣದಿಂದ ರಾಷ್ಟ್ರಗೀತೆ ಹಾಡದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಗಿತ್ತು. ಗೀತೆಯ ವೇಳೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಹಾಗೆ ನಿಂತವರು ಹಾಡದಿದ್ದರೆ ಅದು ಅಗೌರವವಲ್ಲವೆಂದು 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದನ್ನು ಓದಿದಾಗ ನನಗೆ ನೆನಪಾದುದು ಆ ಹುಡುಗನ ಮುಖ.

ಹಾಗೆಂದು ಗದ್ದಲವನ್ನು ಸಹಿಸಬೇಕೆಂದಲ್ಲ. ರಾಷ್ಟ್ರಗೀತೆಗೆ ಬೇಕಾದುದು ಸುಮಾರು 52 ಸೆಕೆಂಡು. ಕುವೆಂಪು ಅವರ ನಾಡಗೀತೆಗೆ ಸರ್ಕಾರ 2022ರಲ್ಲಿ ನಿಗದಿಪಡಿಸಿದ ಅವಧಿ ಎರಡೂವರೆ ನಿಮಿಷ. ಅಷ್ಟು ಹೊತ್ತೂ ಅಧ್ಯಾಪಕರೇ ಪಿಸುಗುಟ್ಟುತ್ತ ಹಾಜರಿ ಪುಸ್ತಕ ತಿರುವುತ್ತಿದ್ದರೆ ಮಕ್ಕಳು ಕಲಿಯುವುದೇನನ್ನು? ಮೊದಲು ನಾವು ನೆಟ್ಟಗೆ ನಿಲ್ಲಬೇಕು. ಪದಗಳ ಅರ್ಥವನ್ನು ತಿಳಿಸಬೇಕು. ವಾರ್ತೆ ಓದುವ, ಸುಭಾಷಿತ ಹೇಳುವ ಸರದಿ ಹಿಂದಿನ ಸಾಲಿನ ಮಗುವಿಗೂ ಸಿಗಬೇಕು. ತನ್ನ ಮಾತನ್ನು ಸಭೆ ಆಲಿಸಿತೆಂದು ಕಂಡ ಮಗು ಇತರರ ಮಾತಿಗೂ ಕಿವಿಗೊಡುತ್ತದೆ.

ಆ ಹುಡುಗನಲ್ಲಿ ನಾನು ಕ್ಷಮೆ ಕೇಳಲಿಲ್ಲ. ಇಂದು ಅಧ್ಯಾಪಕರಾಗಿರುವ ನನ್ನ ಶಿಷ್ಯರೇ, ಗದರಿಸುವ ಮೊದಲು ಕಾರಣವನ್ನು ಕೇಳಿ.